ಏರಿ ಒಬ್ಬರದು, ನೀರಿನ ದಾರಿ ಹಲವರದು

ಮುಂಗಾರು ಜೋರು ಹಿಡಿಯಿತೆಂದರೆ ಶಿವಮೊಗ್ಗ ಜಿಲ್ಲೆಯ ಪತ್ರಿಕಾ ಪುಟಗಳಲ್ಲಿ ಶಿಕಾರಿಪುರ ತಾಲ್ಲೂಕಿನ ಎರಡು ಹೆಸರು ಜೊತೆಜೊತೆಗೆ ಕಾಣಿಸಿಕೊಳ್ಳುತ್ತವೆ: ಅಂಜನಾಪುರ ಮತ್ತು ಅಂಬ್ಲಿಗೊಳ. ಜಲಾಶಯ ಎಷ್ಟು ತುಂಬಿತು, ಕೋಡಿ ಬೀಳಲು ಇನ್ನೆಷ್ಟು ಬಾಕಿ, ಬಾಗಿನ ಯಾವಾಗ ಎಂದು ಜನ ವಿಚಾರಿಸುತ್ತಾರೆ. ಅವೆರಡೂ ಸರ್ಕಾರದ ಜಲಾಶಯಗಳು. ಅವನ್ನು ನೋಡಿಕೊಳ್ಳಲು ಸಿಬ್ಬಂದಿ ಇದ್ದಾರೆ, ಮಟ್ಟದ ಲೆಕ್ಕ ಬರೆಯಲು ಇಲಾಖೆ ಇದೆ. ಅದೇ ಮಳೆಗೆ, ಅದೇ ಸೀಮೆಯಲ್ಲಿ, ಯಾವ ಪುಟದಲ್ಲೂ ಹೆಸರಿಲ್ಲದೆ ತುಂಬಿಕೊಳ್ಳುವ ನೀರು ಇನ್ನೊಂದಿದೆ. ತೋಟದ ಮೇಲ್ತುದಿಯಲ್ಲಿ, ಎರಡು ದಿಬ್ಬಗಳ ನಡುವಿನ ತಗ್ಗಿಗೆ ಅಡ್ಡಲಾಗಿ ರೈತರು ಸ್ವಂತ ದುಡ್ಡಿನಲ್ಲಿ ಹಾಕಿಸಿಕೊಂಡ ಮಣ್ಣಿನ ಏರಿಯ ಹಿಂದೆ ನಿಲ್ಲುವ ನೀರು ಅದು.

ಇಂಥವನ್ನು ಕೃಷಿ ಹೊಂಡವೆಂದು ಕರೆದು ಸುಮ್ಮನಾಗುವವರಿದ್ದಾರೆ. ಆದರೆ ಹೊಂಡಕ್ಕೂ ಏರಿಗೂ ವ್ಯತ್ಯಾಸ ದೊಡ್ಡದು. ನೆಲ ತೋಡಿ ಮಾಡಿದ ಹೊಂಡದಲ್ಲಿ ನೀರು ನೆಲಮಟ್ಟಕ್ಕಿಂತ ಕೆಳಗಿರುತ್ತದೆ. ಅದು ಒಡೆಯುವ ಮಾತಿಲ್ಲ. ಅಲ್ಲಿರುವ ಅಪಾಯ ಬಿದ್ದು ಮುಳುಗುವುದು. ಜಾರುವ ಪ್ಲಾಸ್ಟಿಕ್ ಹಾಸಿನ ಹೊಂಡಗಳಲ್ಲಿ ಮಕ್ಕಳೂ ದೊಡ್ಡವರೂ ಪ್ರಾಣ ಕಳೆದುಕೊಂಡಿದ್ದಾರೆ, ಹಾಗಾಗಿಯೇ ತಂತಿ ಬೇಲಿಗೆ ಅಷ್ಟು ಒತ್ತು. ಏರಿ ಕಟ್ಟಿ ನಿಲ್ಲಿಸಿದ ನೀರಾದರೋ ಕೆಳಗಿನ ಗದ್ದೆಗಿಂತ, ಕೆಲವೊಮ್ಮೆ ಕೆಳಗಿನ ಮನೆಯ ಜಗಲಿಗಿಂತ ಮೇಲಿರುತ್ತದೆ. ಎಷ್ಟೇ ಸಣ್ಣದಿರಲಿ, ಅದು ಅಣೆಕಟ್ಟೆಯೇ.

ಶಿಕಾರಿಪುರ, ಸೊರಬ ಎರಡೂ ಮಲೆನಾಡಿಗೂ ಬಯಲಿಗೂ ನಡುವಿನ ಸೀಮೆ. ಪಡುವಣಕ್ಕೆ ಸರಿದಂತೆ ಮಳೆ ಹೆಚ್ಚು, ಮೂಡಣಕ್ಕೆ ಬಂದಂತೆ ಕಡಿಮೆ. ಮಳೆಗಾಲದಲ್ಲಿ ಹಳ್ಳಗಳು ದಡ ಮೀರಿ ಹರಿಯುತ್ತವೆ, ಮಾರ್ಚ್ ಹೊತ್ತಿಗೆ ತಳದ ಕಲ್ಲು ಕಾಣುತ್ತದೆ. ಭತ್ತದ ಕಾಲದಲ್ಲಿ ಇದು ಅಷ್ಟು ಬಾಧಿಸುತ್ತಿರಲಿಲ್ಲ, ಬೆಳೆ ಮಳೆಯೊಂದಿಗೆ ಬಂದು ಮಳೆಯೊಂದಿಗೆ ಮುಗಿಯುತ್ತಿತ್ತು. ಗದ್ದೆಗಳು ಅಡಿಕೆ ತೋಟಗಳಾದ ಮೇಲೆ ಲೆಕ್ಕ ಬದಲಾಯಿತು. ಅಡಿಕೆಗೆ ನೀರು ಬೇಕಾಗುವುದು ಮಳೆ ಇಲ್ಲದ ತಿಂಗಳುಗಳಲ್ಲೇ.

ಆ ಲೆಕ್ಕವನ್ನೇ ಹಾಕಿ ನೋಡಬಹುದು. ಎಕರೆಗೆ ಸುಮಾರು 550 ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಎಂದರೆ ದಿನಕ್ಕೆ 11 ಸಾವಿರ ಲೀಟರ್. ಬೇಸಿಗೆಯ ನಾಲ್ಕು ತಿಂಗಳಿಗೆ 13 ಲಕ್ಷ ಲೀಟರಿನಷ್ಟಾಯಿತು. ಒಂದು ಎಕರೆ ಜಾಗದಲ್ಲಿ ಒಂದು ಅಡಿ ನೀರು ನಿಲ್ಲಿಸಿದರೆ ಸಿಗುವುದು 12.3 ಲಕ್ಷ ಲೀಟರ್. ಅಂದರೆ ಎಕರೆ ತೋಟಕ್ಕೆ ಎಕರೆ-ಅಡಿ ನೀರು ಬೇಕು. ಕೇಳಲು ಸುಲಭವೆನಿಸುತ್ತದೆ. ಆದರೆ ಬಿಸಿಲಿಗೂ ತನ್ನ ಪಾಲಿದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೂ ನಾಲ್ಕು ತಿಂಗಳಿಗೆ ಎರಡು ಅಡಿ ನೀರು ಹೋಯಿತು. ಅರ್ಧ ಎಕರೆ ಹರಡಿಕೊಂಡ ಕಟ್ಟೆಯಲ್ಲಿ ಹೀಗೆ ಆಕಾಶಕ್ಕೆ ಹೋಗುವುದು 12 ಲಕ್ಷ ಲೀಟರ್, ಒಂದು ಎಕರೆ ತೋಟ ಬೇಸಿಗೆಯಿಡೀ ಕುಡಿಯುವಷ್ಟೇ. ಅಗಲವಾಗಿ ಹರಡಿದ ನೀರು ಕಣ್ಣಿಗೆ ಚೆಂದ, ಬೇಸಿಗೆಗೆ ಉಳಿಯುವುದು ಆಳವಾದ ನೀರು. ಅದಕ್ಕೇ ಎಲ್ಲರೂ ಏರಿಯನ್ನು ಇನ್ನೆರಡು ಅಡಿ ಎತ್ತರಿಸಲು ನೋಡುವುದು. ತೊಂದರೆ ಶುರುವಾಗುವುದೂ ಆ ಎರಡು ಅಡಿಯಲ್ಲೇ.

ಸ್ವಂತ ಖರ್ಚಿನಲ್ಲಿ ಕೆರೆ ಕಟ್ಟುವುದು ಈ ಸೀಮೆಗೆ ಜೆಸಿಬಿಯೊಂದಿಗೆ ಬಂದ ಹೊಸ ಹುಮ್ಮಸ್ಸೇನೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರು ನಿಂತಿರುವ ಕಂಬ ಕದಂಬರ ವಂಶಕಥೆಯನ್ನು ಹೇಳುವ ಶಾಸನವೆಂದೇ ಪ್ರಸಿದ್ಧ. ಮಯೂರಶರ್ಮ ಕಂಚಿಗೆ ಹೋದದ್ದು, ಅವಮಾನಗೊಂಡು ಕತ್ತಿ ಹಿಡಿದದ್ದು ನಮಗೆ ತಿಳಿದಿರುವುದು ಅದರಿಂದಲೇ. ಆದರೆ ಆ ಕಂಬವನ್ನು ಕೆತ್ತಿಸಲು ಕಾರಣ ಒಂದು ಕೆರೆ. ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ದೊಡ್ಡ ಕೆರೆಯೊಂದನ್ನು ಕಟ್ಟಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ, 5ನೇ ಶತಮಾನದ ನಡುವಿನಲ್ಲಿ, ಕವಿ ಕುಬ್ಜ ಅದನ್ನು ಕಾವ್ಯವಾಗಿ ಬರೆದು ತಾನೇ ಕಲ್ಲಿನಲ್ಲಿ ಕೆತ್ತಿದ. ವಂಶದ ಹಿರಿಮೆಯೆಲ್ಲ ಕೆರೆಯ ದಾಖಲೆಯ ಪೀಠಿಕೆಯಾಗಿ ಬಂದದ್ದು.

ದೊರೆಗಳು ಕಟ್ಟಿಸಿದ್ದು ಕೆಲವು. ಊರ ಗೌಡರು, ಸೆಟ್ಟರು, ಮಹಾಜನರು, ಅಧಿಕಾರಿಗಳು ಕಟ್ಟಿಸಿದ ಕೆರೆಗಳು ಕರ್ನಾಟಕದಲ್ಲಿ ಅವಕ್ಕಿಂತ ಎಷ್ಟೋ ಹೆಚ್ಚು. ಖಾಸಗಿ ದುಡ್ಡು ನೀರಾವರಿಗೆ ಹರಿಯುವಂತೆ ಮಾಡಿದ ಏರ್ಪಾಡುಗಳ ಹೆಸರು ಶಾಸನಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ: ಕಟ್ಟುಗೊಡಗೆ, ಕೆರೆಗೊಡಗೆ, ಬಿತ್ತುವಟ್ಟ, ಕೋಲಾರದ ಕಡೆ ದಶವಂದ. ವಿವರ ಊರಿಂದೂರಿಗೆ ಬೇರೆಯಾದರೂ ಹುರುಳು ಒಂದೇ. ಕೆರೆ ಕಟ್ಟಿದವರಿಗೆ, ಒಡೆದದ್ದನ್ನು ದುರಸ್ತಿ ಮಾಡಿದವರಿಗೆ ಅಚ್ಚುಕಟ್ಟಿನಲ್ಲಿ ಒಂದಿಷ್ಟು ಭೂಮಿ ಅಥವಾ ಬೆಳೆಯಲ್ಲಿ ಪಾಲು. ಹೂಳು ಹೊರುವ ಬಂಡಿಗೆ, ಬಂಡಿ ಎಳೆಯುವ ಕೋಣಗಳಿಗೆ, ಏರಿಗೆ ಮಣ್ಣು ಹಾಕುವವರಿಗೆ ಬೇರೆಯಾಗಿ ಬಿಟ್ಟ ಭೂಮಿಯ ಉಲ್ಲೇಖಗಳೂ ಇವೆ. ಲಾಭವನ್ನೂ ದುರಸ್ತಿಯ ಹೊಣೆಯನ್ನೂ ಒಂದೇ ದಾನಪತ್ರದಲ್ಲಿ ಕಟ್ಟಿಹಾಕಿದ ಈ ಜಾಣ್ಮೆ ಇಂದಿನ ಖಾಸಗಿ ಏರಿಗಳ ವಿಷಯದಲ್ಲಿ ಕಾಣೆಯಾಗಿದೆ. ಇಂದು ಏರಿ ಹಾಕಿಸಲು ದುಡ್ಡು ಹೊಂದುತ್ತದೆ, ಕೆಲವೊಮ್ಮೆ ಸಹಾಯಧನವೂ ಸಿಗುತ್ತದೆ. ಐದನೆಯ ವರ್ಷ ಅದರ ಮೇಲಿನ ಪೊದೆ ಕಡಿಯುವುದು ಯಾರ ಕೆಲಸವೆಂದು ಯಾವ ಕಾಗದದಲ್ಲೂ ಬರೆದಿರುವುದಿಲ್ಲ.

ಕೆರೆ ಕಟ್ಟುವ ಶಾಸ್ತ್ರ ಎಷ್ಟು ಬೆಳೆದಿತ್ತೆಂದರೆ, ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ 1369ರ ಶಾಸನ ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ತಪ್ಪಿಸಬೇಕಾದ 6 ದೋಷಗಳನ್ನೂ ಪಟ್ಟಿ ಮಾಡುತ್ತದೆ. ಜಲಶಾಸ್ತ್ರ ಬಲ್ಲವನು, ಗಟ್ಟಿ ನೆಲ, ಎರಡು ಗುಡ್ಡಗಳ ನಡುವೆ ತೀರಾ ಉದ್ದವಲ್ಲದ ಏರಿ, ಹತ್ತಿರದಲ್ಲೇ ಕಲ್ಲುಗಣಿ, ಕೆಲಸ ಬಲ್ಲ ಆಳುಗಳು ಅಂಗಗಳಲ್ಲಿ ಸೇರಿವೆ. ದೋಷಗಳಲ್ಲಿ ಮೊದಲನೆಯದು ಏರಿಯಿಂದ ನೀರು ಒಸರುವುದು. ಜಾಗ ಕಡಿಮೆ, ಬರುವ ನೀರು ಹೆಚ್ಚು ಎಂಬುದೂ ಒಂದು ದೋಷ. ಮಣ್ಣಿನ ಅಣೆಕಟ್ಟೆಗಳ ಬಗ್ಗೆ ಇಂದಿನ ಎಂಜಿನಿಯರಿಂಗ್ ಪುಸ್ತಕಗಳು ಹೇಳುವ ಎರಡು ಮುಖ್ಯ ಸಾವುಗಳೂ ಇವೇ: ನೀರು ಏರಿಯ ತಲೆಯ ಮೇಲೆ ಉಕ್ಕಿ ಹರಿಯುವುದು, ನೀರು ಏರಿಯ ಹೊಟ್ಟೆಯೊಳಗೆ ದಾರಿ ಕೊರೆಯುವುದು.

ಮೊದಲನೆಯದಕ್ಕೆ ಮದ್ದು ಕೋಡಿ. ಕಾಂಕ್ರೀಟ್ ಗೋಡೆಯ ಮೇಲೆ ಒಂದಿಷ್ಟು ಹೊತ್ತು ನೀರು ಹರಿದರೂ ಗೋಡೆ ತಡೆದೀತು. ಮಣ್ಣಿನ ಏರಿ ತಡೆಯುವುದಿಲ್ಲ. ತಲೆಯ ಮೇಲಿಂದ ಇಳಿದ ನೀರು ಹೊರಮೈಯನ್ನು ಬುಡದಿಂದ ಕೊಚ್ಚುತ್ತ ಬಂದು ಏರಿಯನ್ನೇ ಸೀಳುತ್ತದೆ. ಕೆಲವು ಗಂಟೆಗಳಲ್ಲಿ, ಒಮ್ಮೊಮ್ಮೆ ಅದಕ್ಕೂ ಮೊದಲೇ, ಇಡೀ ವರ್ಷದ ನೀರು ಹೊರಟುಹೋಗುತ್ತದೆ.

ಕೋಡಿ ಎಷ್ಟಗಲ ಬೇಕು? ಕಟ್ಟೆಗೆ ನೀರು ಕೊಡುವ ಮೇಲ್ಭಾಗದ ಜಾಗ 25 ಎಕರೆ ಎಂದಿಟ್ಟುಕೊಳ್ಳೋಣ. ನೆಲ ಮೊದಲೇ ನೆನೆದಿರುವ ಜುಲೈ ತಿಂಗಳಲ್ಲಿ ಗಂಟೆಗೆ 60 ಮಿಲಿಮೀಟರಿನ ಬಿರುಸಿನಲ್ಲಿ ಮಳೆ ಸುರಿದು, ಅದರಲ್ಲಿ ಹತ್ತಕ್ಕೆ ನಾಲ್ಕು ಪಾಲು ಮಾತ್ರ ಹರಿದು ಬಂದರೂ ಸೆಕೆಂಡಿಗೆ 650 ಲೀಟರಿಗಿಂತ ಹೆಚ್ಚು ನೀರು ಕಟ್ಟೆಯೊಳಗೆ ನುಗ್ಗುತ್ತದೆ. ಇದು ಒಂದು ಅಡಿ ಆಳದಲ್ಲಿ ಹರಿದು ಹೋಗಬೇಕಾದರೆ ಕೋಡಿಯ ಬಾಯಿ 8 ಅಡಿ ಅಗಲ ಬೇಕು, ಅದರ ಮೇಲೆ ಇನ್ನೂ ಎರಡು ಅಡಿ ಏರಿ ಖಾಲಿ ಉಳಿದಿರಬೇಕು. ಆದರೆ ಅನೇಕ ಖಾಸಗಿ ಏರಿಗಳಲ್ಲಿ ಕೋಡಿಯೆಂದು ಇರುವುದು ಮಣ್ಣಿನಲ್ಲಿ ಹೂತ ಒಂದು ಪಿವಿಸಿ ಪೈಪು. ಅರ್ಧ ಅಡಿ ವ್ಯಾಸದ ಪೈಪು ಸೆಕೆಂಡಿಗೆ ಸಾಗಿಸುವುದು 40 ಲೀಟರಿನ ಆಸುಪಾಸು. ಬಂದ ನೀರಿನ ಹದಿನಾರರಲ್ಲಿ ಒಂದು ಪಾಲು. ಬಾಯಿಗೆ ಒಂದು ಸೋಗೆ ಅಡ್ಡ ಬಂದರೆ ಅದೂ ಇಲ್ಲ. ಕೋಡಿ ಏರಿಯ ಮೇಲೆ ಇರಲೂ ಬಾರದು. ಪಕ್ಕದ ದಿಬ್ಬದ ಗಟ್ಟಿ ನೆಲದಲ್ಲಿ ಕಡಿದು, ನೀರನ್ನು ಏರಿಯ ಬುಡದಿಂದ ದೂರ ಒಯ್ದು ಹಳ್ಳಕ್ಕೆ ಬಿಡಬೇಕು. ಕೋಡಿಗೆ ಹೋದ ನೀರು ದಂಡ ಎಂಬ ಭಾವನೆಯಿಂದ ಬಾಯಿಗೆ ಮಣ್ಣಿನ ಚೀಲ ಅಡ್ಡ ಇಟ್ಟು ಅರ್ಧ ಅಡಿ ಹೆಚ್ಚು ನಿಲ್ಲಿಸಿಕೊಳ್ಳುವವರೂ ಇದ್ದಾರೆ. ಇಡೀ ಏರಿಯ ಆಯುಷ್ಯವನ್ನು ಒತ್ತೆ ಇಟ್ಟು ಪಡೆದ ಅರ್ಧ ಅಡಿ ಅದು.

ಎರಡನೆಯ ಸಾವು ಒಳಗಿನಿಂದ ಬರುತ್ತದೆ. ಮಣ್ಣಿನ ಯಾವ ಏರಿಯೂ ಪೂರ್ತಿ ನೀರು ತಡೆಯುವುದಿಲ್ಲ, ಒಂದಿಷ್ಟು ಜಿನುಗುವುದು ಸಹಜ. ಜಿನುಗುವ ನೀರು ತಿಳಿಯಾಗಿರುವವರೆಗೆ ಗಾಬರಿ ಬೇಕಿಲ್ಲ. ಅದು ಕದಡಿ ಬರತೊಡಗಿದರೆ ಏರಿಯೊಳಗಿನ ಮಣ್ಣು ಕಣಕಣವಾಗಿ ಹೊರಗೆ ಹೋಗುತ್ತಿದೆ ಎಂದರ್ಥ. ಹೊರಮೈಯಲ್ಲಿ ಹುಟ್ಟಿದ ಸಣ್ಣ ತೂತು ಒಳಕ್ಕೆ, ನೀರಿನ ಕಡೆಗೆ ಕೊರೆಯುತ್ತ ಸಾಗಿ ಒಂದು ದಿನ ನೀರನ್ನು ಮುಟ್ಟುತ್ತದೆ. ಇಂಥ ಹೊತ್ತಿನಲ್ಲಿ ಎಲ್ಲರ ಕೈಯೂ ಮೊದಲು ಹೋಗುವುದು ಹೊರಗಿನ ತೂತಿಗೆ ಜೇಡಿಮಣ್ಣು ಮೆತ್ತುವುದಕ್ಕೆ. ಅದು ತಪ್ಪು, ಅಲ್ಲಿ ಮುಚ್ಚಿದರೆ ನೀರು ಒಳಗೆ ಒತ್ತಡ ಕೂಡಿಸಿಕೊಂಡು ಇನ್ನೊಂದು ಕಡೆ ಒಡೆದು ಬರುತ್ತದೆ. ಜಿನುಗುವ ಜಾಗದ ಮೇಲೆ ಮೊದಲು ಮರಳು, ಅದರ ಮೇಲೆ ಜಲ್ಲಿ ಹೇರಿದರೆ ನೀರು ಹೊರಬರುತ್ತದೆ, ಮಣ್ಣು ಅಲ್ಲೇ ನಿಲ್ಲುತ್ತದೆ. ಜೊತೆಗೆ ಕಟ್ಟೆಯ ನೀರನ್ನು ನಿಧಾನಕ್ಕೆ ಇಳಿಸಬೇಕು. ಇಳಿಸಲು ತೂಬು ಇರಬೇಕು ತಾನೇ? ಪಂಪಿನಲ್ಲೇ ಎತ್ತುತ್ತೇವೆ, ತೂಬು ಯಾಕೆ ಎಂದು ಅದನ್ನು ಕೈಬಿಟ್ಟ ಏರಿಗಳಿಗೆ ಆಪತ್ತಿನ ದಿನ ಬೇರೆ ದಾರಿಯೇ ಇರುವುದಿಲ್ಲ.

ಒಳಗಿನ ಕೊರೆತ ಬಹುಪಾಲು ಕಟ್ಟುವ ದಿನವೇ ನಿರ್ಧಾರವಾಗಿರುತ್ತದೆ. ಮಲೆನಾಡಿನ ಜಂಬಿಟ್ಟಿಗೆ ನೆಲ ತೂತುತೂತಾದದ್ದು. ಮೇಲಿನ ಹುಲ್ಲು, ಬೇರು, ಸಡಿಲ ಮಣ್ಣನ್ನು ಹೆರೆದು, ನಡುವೆ ಉದ್ದಕ್ಕೂ ಗಟ್ಟಿ ಪದರ ಸಿಗುವವರೆಗೆ ಚರಂಡಿ ತೋಡಿ, ಅದಕ್ಕೆ ಜೇಡಿಮಣ್ಣು ತುಂಬಿ ದಮ್ಮಸು ಮಾಡದಿದ್ದರೆ ಏರಿ ಎಷ್ಟೇ ಭದ್ರವಾಗಿರಲಿ, ನೀರು ಅದರ ಅಡಿಯಿಂದ ನುಸುಳುತ್ತದೆ. ಮೇಲಿನ ಮಣ್ಣನ್ನೂ ಅರ್ಧ ಅಡಿ, ಮುಕ್ಕಾಲು ಅಡಿಯ ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ಪದರ ಪದರವಾಗಿ ಒತ್ತಬೇಕು. ಹಿಂದೆ ಕೋಣ, ಎತ್ತುಗಳನ್ನು ಹಾಯಿಸಿ ತುಳಿಸುತ್ತಿದ್ದರು. ಈಗ ಹಿಟಾಚಿ ಬಕೆಟ್ಟಿನಿಂದ ಮಣ್ಣು ಸುರಿದು ಮೇಲೆ ನಾಲ್ಕು ಸಲ ತಟ್ಟಿದರೆ ಕೆಲಸ ಮುಗಿಯಿತು. ಎರಡು ದಿನದಲ್ಲಿ ಏಳುವ ಇಂಥ ಏರಿ ಕಣ್ಣಿಗೆ ಗಟ್ಟಿ, ಒಳಗೆ ಬರೀ ಗಾಳಿ. ಒಳಮೈ ಇಳಿಜಾರು ಒಂದು ಅಡಿ ಎತ್ತರಕ್ಕೆ ಎರಡೂವರೆಯಿಂದ ಮೂರು ಅಡಿ, ಹೊರಮೈ ಎರಡು ಅಡಿಯಾದರೂ ಬೇಕು. ಜಾಗ ಉಳಿಸಲು ಎರಡೂ ಬದಿಯನ್ನು ನೆಟ್ಟಗೆ ನಿಲ್ಲಿಸಿದರೆ ನೆನೆದ ಮಣ್ಣು ಜಾರುತ್ತದೆ. ಏರಿ ಖಾಲಿ ಬಿದ್ದಿದೆಯಲ್ಲ ಎಂದು ಅದರ ಮೇಲೆ ತೆಂಗು, ಸಾಗುವಾನಿ ನೆಡುವುದೂ ಅಷ್ಟೇ ಅಪಾಯ, ಮರ ಸತ್ತ ಮೇಲೆ ಕೊಳೆತ ಬೇರು ನೀರಿಗೆ ಸಿದ್ಧ ಸುರಂಗ. ಏರಿಗೆ ಒಪ್ಪುವುದು ಗರಿಕೆ, ಲಾವಂಚದಂಥ ಹುಲ್ಲು.

ಏಡಿ, ಇಲಿ, ಹೆಗ್ಗಣಗಳೂ ಬಿಲ ತೋಡುತ್ತವೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ 2019ರ ಜುಲೈ 2ರ ರಾತ್ರಿ ಮಣ್ಣಿನ ಅಣೆಕಟ್ಟೆ ಒಡೆದು ಸುಮಾರು 20 ಜನ ಸತ್ತಾಗ ಅಲ್ಲಿನ ಸಚಿವರು ಏಡಿಗಳನ್ನು ದೂರಿದ್ದು ದೊಡ್ಡ ವಿವಾದವಾಯಿತು. ಏಡಿ ಬಿಲ ತೋಡುವುದು ನಿಜ. ಆದರೆ ಅಣೆಕಟ್ಟೆ ಸೋರುತ್ತಿದೆ ಎಂದು ಊರವರು ಮೊದಲೇ ದೂರು ಕೊಟ್ಟಿದ್ದರು ಎಂಬುದೂ ನಿಜ. ಬಿಲ ಮುಚ್ಚಬೇಕಾದವರು ಮನುಷ್ಯರೇ.

ಖಾಸಗಿ ತೋಟದ ಅಣೆಕಟ್ಟೆ ಎಂಥ ಅನಾಹುತ ತರಬಹುದೆಂಬುದಕ್ಕೆ ಕೀನ್ಯಾದ ಸೊಲಾಯ್ ಇತ್ತೀಚಿನ ನಿದರ್ಶನ. ನಕುರು ಕೌಂಟಿಯ ದೊಡ್ಡ ಎಸ್ಟೇಟೊಂದು ನೀರಾವರಿಗೆ ಕಟ್ಟಿಕೊಂಡಿದ್ದ ಮಣ್ಣಿನ ಏರಿ 2018ರ ಮೇ 9ರ ರಾತ್ರಿ, ವಾರಗಟ್ಟಲೆ ಮಳೆಯ ನಂತರ ಒಡೆಯಿತು. ಕೆಳಗಿನ ಹಳ್ಳಿಯಲ್ಲಿ 40ಕ್ಕಿಂತ ಹೆಚ್ಚು ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅಮೆರಿಕದ ಜಾನ್ಸ್‌ಟೌನಿನ ಕಥೆ ಇನ್ನೂ ಹಳೆಯದು. ಕಾಲುವೆಗೆಂದು ಕಟ್ಟಿದ್ದ ಮಣ್ಣಿನ ಅಣೆಕಟ್ಟೆ ಶ್ರೀಮಂತರ ಮೀನು ಹಿಡಿಯುವ ಕ್ಲಬ್ಬಿನ ಕೈಗೆ ಬಂದಿತ್ತು. ನೀರು ಇಳಿಸುವ ಕೊಳವೆಗಳನ್ನು ಅದಕ್ಕೂ ಮೊದಲೇ ಯಾರೋ ಕಿತ್ತಿದ್ದರು, ಕ್ಲಬ್ಬು ಮತ್ತೆ ಹಾಕಿಸಲಿಲ್ಲ. ಮೀನು ತಪ್ಪಿಸಿಕೊಳ್ಳದಂತೆ ಕೋಡಿಗೆ ಜಾಲರಿ ಕಟ್ಟಿದರು, ಗಾಡಿ ಓಡಾಡಲೆಂದು ಏರಿಯ ತಲೆಯನ್ನು ತಗ್ಗಿಸಿದರು. 1889ರ ಮೇ 31ರಂದು ನೀರು ಏರಿಯ ಮೇಲೆ ಉಕ್ಕಿತು. ಸತ್ತವರು 2,209 ಜನ. ತೂಬಿಲ್ಲ, ಕೋಡಿ ಕಟ್ಟಿದೆ, ತಲೆ ತಗ್ಗಿದೆ: ಅಂದಿನ ಮೂರು ತಪ್ಪುಗಳೂ ಇಂದಿನ ಯಾವುದೇ ತೋಟದ ಕಟ್ಟೆಯಲ್ಲಿ ಆಗಬಹುದಾದವೇ.

ಒಡೆದರೆ ಹೊಣೆ ಯಾರದು? ಈ ಪ್ರಶ್ನೆಯ ಮೇಲೆ ಎರಡು ತೀರ್ಪುಗಳು ಹತ್ತೊಂಬತ್ತನೇ ಶತಮಾನದಿಂದ ಎದುರುಬದುರು ನಿಂತಿವೆ. ಇಂಗ್ಲೆಂಡಿನ ಗಿರಣಿಯೊಂದರ ಮಾಲೀಕ ತನ್ನ ಉಪಯೋಗಕ್ಕೆ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಕಲ್ಲಿದ್ದಲ ಗಣಿಗೆ ನುಗ್ಗಿತು. ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಎಂಬ ಆ ಮೊಕದ್ದಮೆಯಲ್ಲಿ 1868ರಲ್ಲಿ ಬಂದ ತೀರ್ಪು ಕಟುವಾಗಿತ್ತು: ಅಪಾಯಕಾರಿ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟುಕೊಂಡವನು, ಅದು ತಪ್ಪಿಸಿಕೊಂಡು ಹಾನಿ ಮಾಡಿದರೆ, ತನ್ನ ಅಜಾಗರೂಕತೆ ಇಲ್ಲದಿದ್ದರೂ ಹೊಣೆಗಾರ. ಕೆಲವೇ ವರ್ಷಗಳಲ್ಲಿ ಇದೇ ನ್ಯಾಯ ದಕ್ಷಿಣ ಭಾರತದ ಕೆರೆಗಳ ಮುಂದೆ ಬಂದು ನಿಂತಿತು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಭಾರಿ ಮಳೆಗೆ ಒಡೆದು ಮದ್ರಾಸ್ ರೈಲ್ವೆಯ ಹಳಿ, ಸೇತುವೆಗಳನ್ನು ಕೊಚ್ಚಿದ್ದವು. ರೈಲ್ವೆ ಕಂಪನಿ ಪರಿಹಾರ ಕೇಳಿತು. 1874ರಲ್ಲಿ ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಈ ದೇಶದಲ್ಲಿ ಕೆರೆಗಳು ಜನರ ಬದುಕಿಗೇ ಬೇಕಾದವು, ಅವನ್ನು ಕಾಪಾಡುವುದು ಜಮೀನ್ದಾರರ ಹಕ್ಕಷ್ಟೇ ಅಲ್ಲದೆ ಕರ್ತವ್ಯವೂ ಹೌದು, ಅಜಾಗರೂಕತೆ ಸಾಬೀತಾಗದೆ ದಂಡ ಹಾಕಲಾಗದು ಎಂದಿತು. ಕೆರೆಯ ನಾಡಿಗೆ ಸಂದ ಗೌರವ ಅದು. ಆದರೆ ಆ ರಕ್ಷಣೆ ಸಿಕ್ಕಿದ್ದು ಏರಿಯನ್ನು ಕಾಪಾಡುವ ಕರ್ತವ್ಯ ಹೊತ್ತವರಿಗೆ ಎಂಬುದನ್ನು ಮರೆಯಬಾರದು.

2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟೆಗಳಿಗೆ, 10ರಿಂದ 15 ಮೀಟರ್ ನಡುವಿನವುಗಳಲ್ಲಿ ಕೆಲವಕ್ಕೆ ಅನ್ವಯಿಸುತ್ತದೆ. ಹನ್ನೆರಡು ಅಡಿಯ ತೋಟದ ಏರಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಏರಿ ಹಾಕುವ ಜಾಗದ ಬಗ್ಗೆಯೂ ಗೊಂದಲವಿದೆ. ಜಮೀನಿನ ನಡುವೆ ಹರಿಯುವ ಹಳ್ಳ ಪಹಣಿದಾರರ ಸ್ವತ್ತೆಂದು ಭಾವಿಸುವವರು ಹೆಚ್ಚು, ಆದರೆ ಅಂಥ ಹಳ್ಳ ದಾಖಲೆಯಲ್ಲಿ ‘ಬಿ’ ಖರಾಬು ಎಂದಿದ್ದರೆ ಅದು ಸಾರ್ವಜನಿಕರದು, ಅಡ್ಡ ಕಟ್ಟುವ ಹಕ್ಕು ಯಾರಿಗೂ ತಾನಾಗಿ ಬರುವುದಿಲ್ಲ.

ಸೊರಬದಲ್ಲಿ ಇದು ಇನ್ನೂ ಸೂಕ್ಷ್ಮ. ಅಲ್ಲಿ ಕೆರೆಗಳು ಸಾವಿರದ ಲೆಕ್ಕದಲ್ಲಿವೆ, ಅನೇಕವು ಸರಪಳಿಯಾಗಿವೆ. ಮೇಲಿನದು ಕೋಡಿ ಬಿದ್ದ ನೀರೇ ಕೆಳಗಿನದಕ್ಕೆ ಬರುವ ನೀರು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ 1860ರ ದಶಕದಲ್ಲೇ, ಸಂಸ್ಥಾನದಲ್ಲಿ ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬರ್ಥದ ಮಾತು ಬರೆದಿದ್ದರು. ಅಂಥ ಸರಪಳಿಯ ತಲೆಯಲ್ಲಿ ಹೊಸದೊಂದು ಖಾಸಗಿ ಏರಿ ಎದ್ದರೆ ಬರದ ವರ್ಷ ಅದು ಕೆಳಗಿನ ಊರಕೆರೆಯ ಮೊದಲ ನೀರನ್ನು ಹಿಡಿದಿಡುತ್ತದೆ. ಅತಿವೃಷ್ಟಿಯ ವರ್ಷ ಒಡೆದರೆ ಅದರ ನೀರೆಲ್ಲ ಒಮ್ಮೆಲೇ ಮುಂದಿನ ಏರಿಯ ಮೇಲೆ ಬೀಳುತ್ತದೆ. ತುಂಗಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸುವ ಉಡುಗಣಿ-ತಾಳಗುಂದ-ಹೊಸೂರು ಯೋಜನೆಯಂಥವಕ್ಕೆ ಸರ್ಕಾರ ಕೋಟಿಗಳನ್ನು ಹಾಕಿದೆ. ತನ್ನ ತಲೆಯ ಮೇಲೆ ಬಿದ್ದ ಮಳೆ ಎಲ್ಲೆಲ್ಲಿ, ಯಾರ ಏರಿಯ ಹಿಂದೆ ನಿಂತಿದೆ ಎಂಬ ಪಟ್ಟಿಯನ್ನು ಪ್ರತಿ ಗ್ರಾಮ ಪಂಚಾಯಿತಿ ಇಟ್ಟುಕೊಳ್ಳಲು ಅಷ್ಟು ದುಡ್ಡು ಬೇಕಿಲ್ಲ. ಸಣ್ಣ ನೀರಾವರಿ ಎಂಜಿನಿಯರೊಬ್ಬರು ವರ್ಷಕ್ಕೊಮ್ಮೆ ಆ ಪಟ್ಟಿ ಹಿಡಿದು ಓಡಾಡಿದರೆ, ದಂಡ ಹಾಕಲು ಅಲ್ಲ, ಕೋಡಿಯ ಅಗಲ ಹೇಳಿಕೊಡಲು ಬಂದರೆ, ರೈತರು ಖಂಡಿತ ಕೇಳುತ್ತಾರೆ.

ಖಾಸಗಿ ಏರಿಯೆಂದರೆ ಕೇಡು ಎಂದು ಇದರರ್ಥವಲ್ಲ. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ಸೀಮೆಯಲ್ಲಿ ಮನೆತನಗಳ ಮದಕಗಳು ಗುಡ್ಡದ ತಲೆಯ ತಗ್ಗಿನಲ್ಲಿ ಮಳೆನೀರು ನಿಲ್ಲಿಸಿ ಕೆಳಗಿನ ಬಾವಿ, ತೋಟಗಳಿಗೆ ತಂಪು ಕೊಟ್ಟಿವೆ. ಮದಕದ ನೀರನ್ನು ನೇರ ಎತ್ತುವುದಕ್ಕಿಂತ ಇಂಗಿಸುವುದಕ್ಕೇ ಅಲ್ಲಿ ಪ್ರಾಮುಖ್ಯ. ಅದೇ ಕಡೆ ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡಲಾಗಿ ಹಾಕುವ ಕಟ್ಟಗಳೂ ಇವೆ. ಮುಂದಿನ ಮಳೆಗೆ ಮುನ್ನ ಬಿಚ್ಚಿಬಿಡುವ ಕಟ್ಟಕ್ಕೆ ಪ್ರವಾಹದ ಭಯವಿಲ್ಲ. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಈ ಎರಡರ ಬಗ್ಗೆಯೂ ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ಶಿಕಾರಿಪುರದ ಹಳ್ಳಗಳಿಗೆ ಕಟ್ಟ ಹೊಂದುತ್ತದೆಯೇ ಎಂದು ನೋಡುವುದು ಎತ್ತರದ ಏರಿಗೆ ಕೈ ಹಾಕುವ ಮುಂಚಿನ ಒಳ್ಳೆಯ ಹೆಜ್ಜೆ.

ಏರಿ ಈಗಾಗಲೇ ಇರುವವರಿಗೆ ಮೇ ತಿಂಗಳೇ ಕೆಲಸದ ತಿಂಗಳು. ನೀರು ತಳ ಕಂಡಾಗ ಹೂಳು ತೆಗೆದು ಗದ್ದೆಗೆ ಹಾಕಬಹುದು, ಆದರೆ ಏರಿಯ ಬುಡದ ಹತ್ತಿರ ಗುಂಡಿ ತೋಡಬಾರದು. ಪೊದೆ ಸವರಿದರಷ್ಟೇ ಬಿಲಗಳು ಕಾಣುತ್ತವೆ. ಅವನ್ನು ಅಗೆದು ಹೊಸ ಮಣ್ಣು ತುಂಬಿ ಗುದ್ದಬೇಕು. ಕುಸಿದು ತಗ್ಗಾದ ತಲೆಯನ್ನು ಸಮ ಮಾಡಬೇಕು, ಯಾಕೆಂದರೆ ನೀರು ಮೊದಲು ಉಕ್ಕುವುದು ಅಲ್ಲೇ. ಹೊಸ ಏರಿಯಾದರೆ ಮೊದಲ ಮಳೆಗಾಲದಲ್ಲಿ ಪೂರ್ತಿ ತುಂಬಿಸುವ ಆಸೆ ಬೇಡ. ತೂಬು ತೆರೆದಿಟ್ಟು ಅರ್ಧಕ್ಕೆ ನಿಲ್ಲಿಸಿ, ಹೊರಮೈ ಬುಡದಲ್ಲಿ ಒದ್ದೆ ಎಲ್ಲಿ ಮೂಡುತ್ತದೆಂದು ಕೆಲವು ವಾರ ನೋಡಬೇಕು, ಮಳೆ ಸುರಿಯುವ ರಾತ್ರಿಗಳಲ್ಲೂ. ಕೆಳಗಿನ ತೋಟದವರ, ಹಳ್ಳದ ಪಕ್ಕದ ಮನೆಯವರ ಫೋನ್ ನಂಬರ್ ಬರೆದಿಟ್ಟುಕೊಂಡು, ಅವರಿಗೂ ತಮ್ಮದನ್ನು ಕೊಟ್ಟಿರಬೇಕು.